ಒಂದು ಪುಟ್ಟ ನಾಯಿಯ ಉಸಿರು

ಗೋಗಿಗೆ ಹೋದವರು ಸಾಮಾನ್ಯವಾಗಿ ಕಂಡುಬರುವುದು ಚಿರನಿದ್ರೆಯಲ್ಲಿ ಮಲಗಿದವರನ್ನು. ಬಿಜಾಪುರದ ಆದಿಲಶಾಹಿ ಮನೆತನದ ಮೊದಲ ಮೂರು ತಲೆಮಾರಿನ ಅರಸರು, ೧೫೧೦ರಲ್ಲಿ ತೀರಿಕೊಂಡ ಯೂಸುಫ್, ೧೫೩೪ರಲ್ಲಿ ತೀರಿಕೊಂಡ ಅವನ ಮಗ ಇಸ್ಮಾಯಿಲ್, ೧೫೫೮ರಲ್ಲಿ ತೀರಿಕೊಂಡ ಮೊಮ್ಮಗ ಒಂದನೆಯ ಇಬ್ರಾಹಿಂ, ಇಲ್ಲಿ ಚಂದಾ ಹುಸೇನಿ ಎಂಬ ಸೂಫಿ ಸಂತರ ದರ್ಗಾದ ಆವರಣದಲ್ಲಿ ಮಣ್ಣಾಗಿದ್ದಾರೆ. ಗೋಲಗುಮ್ಮಟದ ಎತ್ತರವಾಗಲಿ ಇಬ್ರಾಹಿಂ ರೋಜಾದ ಕುಸುರಿಯಾಗಲಿ ಇಲ್ಲಿಲ್ಲ. ರಾಜ್ಯವನ್ನು ಕಟ್ಟಿದವರಿಗೆ ಸಂತನ ನೆರಳಿನಲ್ಲಿ ಆರಡಿ ನೆಲ ಸಾಕಾಯಿತೆಂದು ತೋರುತ್ತದೆ. ಈಚಿನ ವರ್ಷಗಳಲ್ಲಿ ಊರಿನ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು ಅದರ ನೆಲದಡಿಯ ಯುರೇನಿಯಂ ಅದಿರಿನ ಸಲುವಾಗಿ. ನನ್ನ ಈ ಬರಹಕ್ಕೆ ಸುಲ್ತಾನರೂ ಬೇಕಿಲ್ಲ, ಅದಿರೂ ಬೇಕಿಲ್ಲ. ನಾನು ಹೇಳಹೊರಟಿರುವುದು ಆ ಊರಿನ ಒಂದು ಮನೆಯ ಪಡಸಾಲೆಯಲ್ಲಿ ಹಗಲಿರುಳು ಗೊರಕೆ ಹೊಡೆಯುತ್ತಿದ್ದ ಪುಟ್ಟ ನಾಯಿಯೊಂದರ ಸಂಗತಿ.

ಆ ಸೀಮೆಗೆ ನಾಯಿಯೇನೂ ಹೊಸದಲ್ಲ. ಯಾದಗಿರಿಯ ಬಳಿಯ ಮೈಲಾಪುರದಲ್ಲಿ ಸಂಕ್ರಾಂತಿಗೆ ಜಾತ್ರೆಗೊಳ್ಳುವ ಮೈಲಾರಲಿಂಗನಿಗೆ ನಾಯಿಯೇ ಒಡನಾಡಿ. ಮೈಲಾರನ ವಗ್ಗಯ್ಯಗಳು ಕಂಬಳಿ ತೊಟ್ಟು ನಾಯಿಯಂತೆ ಬೊಗಳಿ ಸೇವೆ ಸಲ್ಲಿಸುವುದನ್ನು ನಮ್ಮ ಹಿರಿಯರೆಲ್ಲ ಕಂಡವರೇ. ಕುರಿಹಿಂಡಿನ ಹಿಂದೆ ನಾಯಿ, ಹೊಲದ ಗುಡಿಸಲಿನ ಮುಂದೆ ನಾಯಿ. ಉದ್ದ ಮೂತಿಯ, ಒಣ ಮೈಯ, ಯಾರ ಹಂಗಿಗೂ ಬೀಳದ ನಾಯಿ ಅದು. ವೈಶಾಖದ ಮಧ್ಯಾಹ್ನ ಬಿಸಿಲು ನಲವತ್ತು ಡಿಗ್ರಿಯನ್ನು ದಾಟಿದಾಗ ಅದು ಗೋಡೆಯ ನೆರಳಿನಲ್ಲಿ ಮಣ್ಣನ್ನು ಕೆದರಿ, ತಂಪಾದ ಕುಳಿಯಲ್ಲಿ ಹೊಟ್ಟೆಯಿಟ್ಟು, ನಾಲಗೆಯನ್ನು ಒಂದು ಗೇಣು ಹೊರಚಾಚಿ ತೇಕುತ್ತ ಬಿದ್ದಿರುತ್ತದೆ. ನೋಡುವವರಿಗೆ ಅದು ದಣಿವೆಂದು ಕಾಣುತ್ತದೆ. ನಿಜದಲ್ಲಿ ಅದೊಂದು ಕೆಲಸ. ನಮ್ಮಂತೆ ಮೈಯೆಲ್ಲ ಬೆವರುವ ಭಾಗ್ಯ ನಾಯಿಗಿಲ್ಲ. ಅಂಗಾಲಿನಲ್ಲಿ ತುಸು ಬೆವರುವುದನ್ನು ಬಿಟ್ಟರೆ, ಒಳಗಿನ ಕಾವನ್ನು ಅದು ಹೊರಹಾಕುವುದು ಮುಖ್ಯವಾಗಿ ಉಸಿರಿನ ಮೂಲಕ. ಉದ್ದನೆಯ ಮೂಗಿನೊಳಗಿನ ತೇವದ ಮಡಿಕೆಗಳ ಮೇಲೆ, ನಾಲಗೆಯ ಮೇಲೆ, ಗಾಳಿ ಹಾಯುತ್ತದೆ, ತೇವ ಆರುತ್ತದೆ, ನೆತ್ತರು ತಂಪಾಗುತ್ತದೆ. ನಾಯಿಯ ಮೂಗು ವಾಸನೆ ಹಿಡಿಯುವ ಅಂಗ ಮಾತ್ರವಲ್ಲ. ಅದರ ಬೀಸಣಿಗೆ, ಅದರ ತಣ್ಣೀರಿನ ಹೂಜಿ.

ಇಂಥ ಊರಿಗೆ ಮೂಗೇ ಇಲ್ಲದ ಅತಿಥಿಯೊಬ್ಬಳು ಬಂದಳು. ನಿವೃತ್ತ ಶಿಕ್ಷಕರಾದ ನನ್ನ ಮಿತ್ರರಿಗೆ ಬೆಂಗಳೂರಿನ ಮಗ ತಂದುಕೊಟ್ಟ ಪಗ್ ಜಾತಿಯ ಹೆಣ್ಣುಮರಿ. ಮಗನ ಬಾಡಿಗೆ ಮನೆಯ ಮಾಲೀಕರು ನಾಯಿ ಕೂಡದೆಂದರಂತೆ; ಆದಕಾರಣ ಹಳ್ಳಿಯ ಅಜ್ಜ ಅಜ್ಜಿಯರ ಪಾಲಿಗೆ ಅದು ಮೊಮ್ಮಗಳಾಗಿ ಬಂದಿತು. ಚಿನ್ನಿ ಎಂದು ಹೆಸರಿಟ್ಟರು. ಈ ಜಾತಿ ನಮ್ಮ ನಾಡಿನ ಬೀದಿಬೀದಿಗೂ ಪರಿಚಯವಾದದ್ದು ೨೦೦೩ರಲ್ಲಿ, ಹಚ್ ಎಂಬ ದೂರವಾಣಿ ಕಂಪನಿಯ ಜಾಹೀರಾತಿನಿಂದ. ಹುಡುಗನೊಬ್ಬನು ಹೋದಲ್ಲೆಲ್ಲ ಹಿಂದೆ ಹಿಂದೆ ಓಡುವ ಆ ಮರಿಯನ್ನು ಮರೆತವರಿಲ್ಲ. ಜಾಹೀರಾತಿನ ಕಂಪನಿ ಹೆಸರು ಬದಲಿಸಿಕೊಂಡಿತು, ಆ ಹುಡುಗ ದೊಡ್ಡವನಾಗಿರಬೇಕು. ನಾಯಿಯ ಮೇಲಿನ ಮೋಹ ಮಾತ್ರ ಉಳಿದುಕೊಂಡಿತು.

ಮೋಹಕ್ಕೆ ಕಾರಣವುಂಟು. ಚಪ್ಪಟೆ ಮುಖ, ಅಗಲ ಹಣೆ, ಉಬ್ಬಿದ ಕಣ್ಣು: ಮನುಷ್ಯನ ಕೂಸಿನ ಮುಖಲಕ್ಷಣಗಳನ್ನು ನಾಯಿಯ ಮೈಗೆ ಅಂಟಿಸಿದಂತೆ. ಚೀನದ ಅರಮನೆಗಳಲ್ಲಿ ಮಡಿಲ ನಾಯಿಯಾಗಿದ್ದ ಈ ಜಾತಿ ಯುರೋಪಿಗೆ ಹೋದ ಮೇಲೆ, ಅದರಲ್ಲೂ ಕಳೆದ ನೂರೈವತ್ತು ವರ್ಷಗಳಲ್ಲಿ, ಅದರ ಮೂತಿಯನ್ನು ಸಾಕುವವರು ತಲೆಮಾರಿನಿಂದ ತಲೆಮಾರಿಗೆ ಗಿಡ್ಡಗೊಳಿಸುತ್ತ ಬಂದರು. ಗಿಡ್ಡವಾದದ್ದು ಎಲುಬು, ಎಲುಬಿನೊಳಗಿನ ಮಾಂಸ ಅದೇ ಪ್ರಮಾಣದಲ್ಲಿ ಕಿರಿದಾಗಲಿಲ್ಲ. ದೊಡ್ಡ ಮನೆಯ ಸಾಮಾನನ್ನೆಲ್ಲ ಒಂದೇ ಕೋಣೆಗೆ ತುಂಬಿದ ಹಾಗಾಯಿತು. ಮೂಗಿನ ಹೊಳ್ಳೆಗಳು ಸೀಳುಗೆರೆಗಳಾದವು. ಮೃದು ಅಂಗುಳು ಉದ್ದವಾಗಿ ಉಳಿದು ಗಾಳಿಕೊಳವೆಯ ಬಾಗಿಲಿಗೇ ಜೋತುಬಿದ್ದಿತು. ಒಂದೊಂದು ಉಸಿರನ್ನೂ ಬಲವಂತವಾಗಿ ಎಳೆದೆಳೆದು, ಧ್ವನಿಪೆಟ್ಟಿಗೆಯ ಒಳಪದರ ಕಾಲಕ್ರಮದಲ್ಲಿ ಹೊರಮಗುಚಿ ಉಳಿದಷ್ಟು ದಾರಿಯನ್ನೂ ಅಡ್ಡಗಟ್ಟುತ್ತದೆ. ಕೆಲವುಗಳಲ್ಲಿ ಗಾಳಿಕೊಳವೆಯೇ ಹುಟ್ಟಿನಿಂದ ಸಣ್ಣದು. ನಾವು ನಕ್ಕು ನಲಿಯುವ ಆ ಗೊರಕೆ ಸುಖನಿದ್ರೆಯ ಗುರುತಲ್ಲ. ಇಕ್ಕಟ್ಟಿನ ಓಣಿಯಲ್ಲಿ ಗಾಳಿ ನೂಕಾಡುವ ಸದ್ದು.

ಹತ್ತೊಂಬತ್ತನೆಯ ಶತಮಾನದ ಪ್ವಾಸೇಯಿ ಎಂಬ ಫ್ರೆಂಚ್ ವೈದ್ಯನು ಕೊಳವೆಯಲ್ಲಿ ಹರಿಯುವ ದ್ರವಗಳ ಬಗೆಗೆ ಕಂಡುಕೊಂಡ ಒಂದು ನಿಯಮವನ್ನು ವಿಜ್ಞಾನದ ವಿದ್ಯಾರ್ಥಿಗಳು ಓದಿರುತ್ತಾರೆ. ಕೊಳವೆಯ ತ್ರಿಜ್ಯ ಅರ್ಧಕ್ಕಿಳಿದರೆ ಹರಿವಿಗೆ ಒದಗುವ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಲ್ಲ, ಹದಿನಾರು ಪಟ್ಟು. ಉಸಿರಿನ ಗಾಳಿ ಅಷ್ಟು ಶಿಸ್ತಿನಿಂದ ಹರಿಯುವುದಿಲ್ಲವೆಂಬುದು ನಿಜವಾದರೂ ಲೆಕ್ಕದ ದಿಕ್ಕು ಅದೇ. ಎತ್ತಿನ ಗಂಟಲಲ್ಲಿ ಒಂದು ಮಿಲಿಮೀಟರಿನ ಬಾವು ಏನೂ ಅಲ್ಲ. ಅಂಗೈಯಗಲದ ನಾಯಿಯ ಗಂಟಲಲ್ಲಿ ಅದೇ ಬಾವು ಜೀವ ತೆಗೆಯಬಲ್ಲುದು.

ಮೊಂಡು ಮೂತಿಯಿಲ್ಲದ ಚಿಕ್ಕ ನಾಯಿಗಳೂ ಉಸಿರಿನ ಕಷ್ಟದಿಂದ ಪಾರಾದವೆಂದಲ್ಲ. ಪೊಮೆರೇನಿಯನ್, ಯಾರ್ಕ್‌ಶೈರ್ ಟೆರಿಯರ್, ಚಿವಾವಾ ಮುಂತಾದವುಗಳ ಗಾಳಿಕೊಳವೆಯನ್ನು ಬಿಚ್ಚಿ ಹಿಡಿದಿರುವ ಮೃದ್ವಸ್ಥಿಯ ಉಂಗುರಗಳು ವಯಸ್ಸಾದಂತೆ ಸಡಿಲಗೊಂಡು ಚಪ್ಪಟೆಯಾಗುತ್ತವೆ. ಅಂಥ ನಾಯಿ ಹಿಗ್ಗಿದಾಗ, ಕೊರಳ ಪಟ್ಟಿಯನ್ನು ಎಳೆದಾಗ, ಹಂಸ ಕೂಗಿದಂತೆ ಕೆಮ್ಮುತ್ತದೆ. ಮನೆಯವರು ಗಂಟಲಲ್ಲಿ ಏನೋ ಸಿಕ್ಕಿತೆಂದು ಬಾಯಿಗೆ ಬೆರಳು ಹಾಕಿ ಹುಡುಕುತ್ತಾರೆ. ಸಿಕ್ಕಿದ್ದು ಏನೂ ಇಲ್ಲ. ಕೊಳವೆ ಮಡಚಿದೆ, ಅಷ್ಟೆ. ಕೊರಳ ಪಟ್ಟಿಯನ್ನು ತೆಗೆದು ಎದೆಗೆ ಕಟ್ಟುವ ಪಟ್ಟಿ ಹಾಕಿದರೆ, ಮೈಯ ಕೊಬ್ಬನ್ನು ಇಳಿಸಿದರೆ, ಎಷ್ಟೋ ನಾಯಿಗಳಿಗೆ ಅದೇ ಅರ್ಧ ಔಷಧಿ.

ಇರಲಿ. ಚಿನ್ನಿಗೆ ಆರನೆಯ ವರ್ಷ ನಡೆಯುತ್ತಿದ್ದಾಗ, ಬೆದೆ ಮುಗಿದ ಕೆಲವು ವಾರಗಳಿಗೆ, ಅದು ಅನ್ನ ಬಿಟ್ಟಿತು. ನೀರು ಮಾತ್ರ ಕುಡಿದಷ್ಟೂ ಸಾಲದು. ಹೊಟ್ಟೆ ಬಿಗಿಯಿತು. ತಾಲೂಕಿನ ಪಶುವೈದ್ಯರು ಮುಟ್ಟಿ ನೋಡಿ ಹೇಳಿದರು: ಗರ್ಭಕೋಶದಲ್ಲಿ ಕೀವು ತುಂಬಿದೆ, ಶಸ್ತ್ರಕ್ರಿಯೆಯಾಗದೆ ಉಳಿಯುವುದು ಕಷ್ಟ, ಆದರೆ ಈ ಜಾತಿಗೆ ಅರಿವಳಿಕೆ ಕೊಡುವ ಕೆಲಸ ಇಲ್ಲಿ ಬೇಡ, ಗ್ಯಾಸಿನ ಯಂತ್ರವಿರುವ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಎತ್ತು, ಎಮ್ಮೆ, ಕುರಿಗಳ ನಡುವೆ ದಿನ ಕಳೆಯುವ ವೈದ್ಯನೊಬ್ಬನು ತನ್ನ ಮಿತಿಯನ್ನು ಹೀಗೆ ನೇರವಾಗಿ ಹೇಳಿದ್ದು ನನಗೆ ಬಹಳ ದೊಡ್ಡದೆಂದು ತೋರಿತು.

ಆ ರಾತ್ರಿ ಮಿತ್ರರು ದೂರವಾಣಿಯಲ್ಲಿ ನನ್ನನ್ನು ಕೇಳಿದರು. ನಾನು ವೈದ್ಯನಲ್ಲ, ಪುಸ್ತಕ ಓದುವವನೆಂಬ ಒಂದೇ ಅಪರಾಧಕ್ಕೆ ನನ್ನನ್ನು ಎಲ್ಲದಕ್ಕೂ ಕೇಳುವ ವಾಡಿಕೆ ಅವರದು. ಹಿಂದಿನಿಂದ ಅವರ ಮನೆಯವರ ದನಿ ಕೇಳಿಸಿತು: “ಎಚ್ಚರಿದ್ದಾಗೇ ಅದಕ್ಕ ಉಸರಾಡ್ಲಿಕ್ಕ ಬರೂದಿಲ್ಲ. ಮಲಗಿಸಿದ ಮ್ಯಾಲ ಏಳ್ತದೇನ್ರಿ ಅಣ್ಣಾರ, ಅಷ್ಟ ಹೇಳ್ರಿ.”

ಏಳುವುದೇ? ಈ ಪ್ರಶ್ನೆ ಕೇವಲ ಗೋಗಿಯ ಒಂದು ಮನೆಯದಲ್ಲ. ಒಂದು ಕಾಲದಲ್ಲಿ ಇಡೀ ಜಗತ್ತಿನ ವೈದ್ಯರು ಕೇಳಿಕೊಂಡ ಪ್ರಶ್ನೆ ಅದು. ಮತ್ತು ಅದಕ್ಕೆ ಉತ್ತರ ಹುಡುಕುವ ಅತಿ ದೊಡ್ಡ ಪ್ರಯತ್ನವೊಂದು ನಡೆದದ್ದು ಲಂಡನ್ನಿನಲ್ಲಲ್ಲ, ಅಂದು ಗೋಗಿ, ಶಹಾಪುರ, ಸುರಪುರಗಳನ್ನು ಆಳುತ್ತಿದ್ದ ಹೈದರಾಬಾದಿನಲ್ಲಿ. ಸುರಪುರದ ರಾಜಾ ವೆಂಕಟಪ್ಪ ನಾಯಕನ ೧೮೫೮ರ ಬಂಡಾಯ ಅಡಗಿದ ಬಳಿಕ ಬ್ರಿಟಿಷರು ಆ ಸಂಸ್ಥಾನವನ್ನು ೧೮೬೦ರಲ್ಲಿ ನಿಜಾಮನಿಗೆ ಒಪ್ಪಿಸಿದರು. ಅದಾದ ಮೂವತ್ತು ವರ್ಷದೊಳಗೆ ಅದೇ ನಿಜಾಮ ಸಂಸ್ಥಾನದ ಹಣದಿಂದ, ನಾಯಿಗಳ ಉಸಿರನ್ನು ಕುರಿತು ಎರಡು ಆಯೋಗಗಳು ಕುಳಿತವು.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಎಡಿನ್‌ಬರೋದ ಸಿಂಪ್ಸನ್ ೧೮೪೭ರ ನವೆಂಬರಿನಲ್ಲಿ ಕ್ಲೋರೋಫಾರಮನ್ನು ಬಳಕೆಗೆ ತಂದನು. ಕೆಲವೇ ವಾರಗಳ ಮೇಲೆ, ೧೮೪೮ರ ಜನವರಿಯಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹ್ಯಾನಾ ಗ್ರೀನರ್ ಎಂಬ ಹದಿನೈದರ ಹುಡುಗಿ ಕಾಲುಗುರು ತೆಗೆಯುವ ಸಣ್ಣ ಚಿಕಿತ್ಸೆಗೆ ಕ್ಲೋರೋಫಾರಂ ಮೂಸಿ, ಎರಡು ಮೂರು ನಿಮಿಷಗಳಲ್ಲಿ ಸತ್ತಳು. ಅಂದಿನಿಂದ ವಾದ ಶುರುವಾಯಿತು. ಕ್ಲೋರೋಫಾರಂ ಕೊಲ್ಲುವುದು ಹೃದಯವನ್ನು ನಿಲ್ಲಿಸಿಯೋ, ಉಸಿರನ್ನು ನಿಲ್ಲಿಸಿಯೋ? ಗಾಢವಾದ ಆವಿ ಹೃದಯವನ್ನೇ ಹೊಡೆಯುತ್ತದೆಂದು ಲಂಡನ್ನಿನ ಜಾನ್ ಸ್ನೋ ಹೇಳಿದನು. ನಾಡಿಯ ಮೇಲೆ ಬೆರಳಿಟ್ಟು ಕೂರಬೇಡಿ, ಉಸಿರನ್ನು ನೋಡಿಕೊಳ್ಳಿ ಎಂದು ಎಡಿನ್‌ಬರೋದ ಶಸ್ತ್ರವೈದ್ಯ ಸೈಮ್ ಬೋಧಿಸಿದನು. ಈ ಸೈಮ್‌ನ ಶಿಷ್ಯನೇ ಎಡ್ವರ್ಡ್ ಲಾರಿ. ೧೮೮೫ರಲ್ಲಿ ಹೈದರಾಬಾದಿಗೆ ರೆಸಿಡೆನ್ಸಿ ಸರ್ಜನನಾಗಿ ಬಂದು ಅಲ್ಲಿಯ ವೈದ್ಯಶಾಲೆಗೂ ಮುಖ್ಯಸ್ಥನಾದವನು. ಗುರುವಾಕ್ಯದಲ್ಲಿ ಅವನಿಗಿದ್ದ ನಂಬಿಕೆ ಬಹುಶಃ ವಿಜ್ಞಾನಿಗೆ ಇರಬೇಕಾದುದಕ್ಕಿಂತ ಹೆಚ್ಚಿನದು. ಅವನ ಆಸ್ಪತ್ರೆಯಲ್ಲಿ ಕ್ಲೋರೋಫಾರಂ ಕೊಡುವುದನ್ನು ಕಲಿತ ರೂಪಾಬಾಯಿ ಫರ್ದೂನಜಿಯವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯೆಯೆಂದು ಇಂದು ಗೌರವಿಸುತ್ತಾರೆ. ಲಾರಿಯ ಹಟವನ್ನು ಮೆಚ್ಚದವರೂ ಇದೊಂದಕ್ಕಾಗಿ ಅವನನ್ನು ನೆನೆಯಬೇಕು.

೧೮೮೮ರಲ್ಲಿ ಮೊದಲ ಹೈದರಾಬಾದ್ ಕ್ಲೋರೋಫಾರಂ ಆಯೋಗ ೧೪೧ ನಾಯಿಗಳಿಗೆ ಬಗೆಬಗೆಯಾಗಿ ಕ್ಲೋರೋಫಾರಂ ಕೊಟ್ಟು ಕೊಂದು ನೋಡಿತು. ಪ್ರತಿಯೊಂದರಲ್ಲಿಯೂ ಮೊದಲು ನಿಂತದ್ದು ಉಸಿರು; ಹೃದಯ ಆಮೇಲೆ. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ನಂಬಲಿಲ್ಲ. ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಸರ್ಕಾರ ಒಂದು ಸಾವಿರ ಪೌಂಡನ್ನು ಮುಂದಿಟ್ಟು, ನಿಮ್ಮವರನ್ನೇ ಕಳಿಸಿ, ಕಣ್ಣಾರೆ ನೋಡಲಿ ಎಂದಿತು. ಬಂದವನು ಲಾಡರ್ ಬ್ರಂಟನ್, ಔಷಧಶಾಸ್ತ್ರದಲ್ಲಿ ದೊಡ್ಡ ಹೆಸರು, ಹೃದಯವೇ ಮೊದಲು ಸೋಲುತ್ತದೆಂಬ ಪಕ್ಷದವನು. ೧೮೮೯ರ ಅಕ್ಟೋಬರಿನಿಂದ ಎರಡನೆಯ ಆಯೋಗ ನಡೆಯಿತು. ನಾಯಿ, ಕುದುರೆ, ಕೋತಿ, ಆಡು, ಬೆಕ್ಕು, ಮೊಲ ಎಲ್ಲ ಸೇರಿ ೪೯೦ ಪ್ರಾಣಿಗಳ ಮೇಲೆ ಪ್ರಯೋಗವಾಯಿತೆಂದು ಡಿಸೆಂಬರಿನಲ್ಲಿ ಅವನು ಲಂಡನ್ನಿಗೆ ತಂತಿ ಕಳಿಸಿದನು. ಅಪಾಯವಿರುವುದು ಉಸಿರುಕಟ್ಟುವುದರಿಂದ, ಇಲ್ಲವೆ ಮಿತಿಮೀರಿದ ಪ್ರಮಾಣದಿಂದ, ಹೃದಯಕ್ಕೆ ನೇರವಾಗಿ ಏನೂ ಇಲ್ಲವೆಂಬುದು ಅದರ ಸಾರ. ಪಕ್ಷಾಂತರವಾಗಿ ಹೋಗಿತ್ತು.

ಹೈದರಾಬಾದು ಗೆದ್ದಿತು, ಆದರೆ ಪೂರ್ತಿ ಗೆಲ್ಲಲಿಲ್ಲ. ೧೯೧೧ರಲ್ಲಿ ಲಂಡನ್ನಿನ ಗುಡ್‌ಮನ್ ಲೆವಿ ಬೆಕ್ಕುಗಳಲ್ಲಿ ತೋರಿಸಿದ ಸಂಗತಿ ಬೇರೆಯೇ. ಕ್ಲೋರೋಫಾರಂ ಹಗುರವಾಗಿದ್ದಾಗ, ಅರೆ ಎಚ್ಚರದ ಪ್ರಾಣಿಯ ನೆತ್ತರಿಗೆ ಅಡ್ರಿನಲಿನ್ ಸೇರಿದರೆ, ಹೃದಯ ಲಯ ತಪ್ಪಿ ಒಮ್ಮೆಲೇ ನಡುಗಿ ನಿಂತುಬಿಡುತ್ತದೆ. ಅಡ್ರಿನಲಿನ್ ಎಂದರೆ ಭಯದ ರಸ. ಕಾಲುಗುರಿಗೆ ಕತ್ತಿ ಹಾಕುತ್ತಿದ್ದಂತೆಯೇ ಸತ್ತ ಆ ಹುಡುಗಿ ಹೆದರಿದ್ದಿರಬೇಕು. ಮಿತಿಮೀರಿದರೆ ಉಸಿರು, ಬೆದರಿದರೆ ಹೃದಯ: ಎರಡು ಪಕ್ಷದವರೂ ಅರ್ಧರ್ಧ ಸತ್ಯವನ್ನು ಹಿಡಿದುಕೊಂಡು ಅರವತ್ತು ವರ್ಷ ಹೋರಾಡಿದ್ದರು. ಕ್ಲೋರೋಫಾರಂ ಈಗ ಶಸ್ತ್ರಕ್ರಿಯೆಯ ಕೋಣೆಯಿಂದ ಮರೆಯಾಗಿದೆ. ಆದರೆ ಅರಿವಳಿಕೆ ಕೊಡುವವರು ಪ್ರಾಣಿಯ ಎದೆ ಏರಿಳಿಯುವುದರ ಮೇಲಿನ ಕಣ್ಣನ್ನು ಕೀಳಬಾರದೆಂಬ ಪಾಠಕ್ಕೆ ಆ ಹೈದರಾಬಾದಿನ ನಾಯಿಗಳು ಬೆಲೆ ತೆತ್ತಿವೆ. ಅವು ಬೀದಿಯಿಂದ ಹಿಡಿದು ತಂದವು. ವರದಿಯಲ್ಲಿ ಅವುಗಳಿಗೆ ಅಂಕಿಯುಂಟು, ಹೆಸರಿಲ್ಲ.

ಇಲ್ಲಿ ಇನ್ನೊಂದು ನಾಯಿ ನೆನಪಿಗೆ ಬರುತ್ತದೆ. ಅರಿವಳಿಕೆಯೆಂಬುದೇ ಇಲ್ಲದ ೧೬೬೪ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ಒಂದು ನಾಯಿಯ ಎದೆಯನ್ನು ತೆರೆದು, ಗಂಟಲಿಗೆ ತಿದಿಯ ಕೊಳವೆ ಸೇರಿಸಿ, ಕಮ್ಮಾರ ಕುಲುಮೆಗೆ ಊದುವಂತೆ ಗಾಳಿಯೂದಿ ಬಹಳ ಹೊತ್ತು ಬದುಕಿಸಿಟ್ಟನು. ಆ ಜೀವಿ ಪಟ್ಟ ಯಾತನೆಗಾಗಿ ಇಂಥ ಪ್ರಯೋಗವನ್ನು ಮತ್ತೆ ಮಾಡಲು ತನಗೆ ಮನಸ್ಸೊಪ್ಪದೆಂದೂ, ಅದಕ್ಕೆ ನೋವು ತಿಳಿಯದಂತೆ ಮಂಪರು ಬರಿಸುವ ಉಪಾಯವಿದ್ದಿದ್ದರೆ ಎಷ್ಟು ಚೆನ್ನಾಗಿತ್ತೆಂದೂ ಗೆಳೆಯ ಬಾಯ್ಲನಿಗೆ ಬರೆದನು. ಮೂರು ವರ್ಷದ ಮೇಲೆ, ೧೬೬೭ರಲ್ಲಿ, ರಾಯಲ್ ಸೊಸೈಟಿಯ ಮುಂದೆ ಅದನ್ನೇ ಮತ್ತೆ ಮಾಡಿ ತೋರಿಸಿದನೆಂಬುದೂ ಸತ್ಯವೇ. ಈ ಸಲ ಶ್ವಾಸಕೋಶಗಳನ್ನು ಅಲ್ಲಲ್ಲಿ ಚುಚ್ಚಿ, ಎಡೆಬಿಡದೆ ಗಾಳಿ ಹಾಯಿಸಿ, ಎದೆ ಅಲ್ಲಾಡದಿದ್ದರೂ ಹೊಸ ಗಾಳಿ ಸಿಕ್ಕಿದರೆ ಜೀವ ನಿಲ್ಲುತ್ತದೆಂದು ಸಿದ್ಧಪಡಿಸಿದನು. ಇಂದು ಅರಿವಳಿಕೆಯಲ್ಲಿ ಮಲಗಿದ ಪ್ರತಿ ಜೀವಿಯ ಗಂಟಲಿಗಿಳಿಯುವ ನಳಿಕೆಯ ಹಿಂದೆ ಆ ತಿದಿಯಿದೆ. ಮನುಷ್ಯನ ಕರುಣೆ ಮತ್ತು ಕುತೂಹಲ ಜಗಳವಾಡಿದಾಗ ಹೆಚ್ಚಾಗಿ ಗೆಲ್ಲುವುದು ಯಾವುದೆಂದು ಹುಕ್‌ನ ಜೀವನವನ್ನು ಓದಿದವರು ಬಲ್ಲರು.

ಮಿತ್ರರಿಗೆ ಈ ಪುರಾಣವನ್ನೆಲ್ಲ ಹೇಳುವ ಹೊತ್ತಲ್ಲ ಅದು. ಅವರಿಗೆ ಬೇಕಾಗಿದ್ದುದು ಲೆಕ್ಕ. ಇಂಗ್ಲೆಂಡಿನ ಪಶುವೈದ್ಯರು ೨೦೦೨ರಿಂದ ೨೦೦೪ರ ನಡುವೆ ಸುಮಾರು ೯೮,೦೦೦ ನಾಯಿಗಳ ಅರಿವಳಿಕೆಯ ದಾಖಲೆ ಇಟ್ಟು ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನಗೆ ಗೊತ್ತಿತ್ತು. ಆರೋಗ್ಯವಂತ ನಾಯಿಗಳಲ್ಲಿ ೧೦,೦೦೦ಕ್ಕೆ ೫ ಸತ್ತವು. ಮೊದಲೇ ಕಾಯಿಲೆ ಬಿದ್ದಿದ್ದವುಗಳಲ್ಲಿ ೧೦೦ಕ್ಕೆ ೧ಕ್ಕಿಂತ ತುಸು ಹೆಚ್ಚು. ಐದು ಕಿಲೋಗ್ರಾಮಿಗಿಂತ ಕಡಿಮೆ ತೂಗುವ ನಾಯಿಗಳಿಗೆ ಅಪಾಯ ಹೆಚ್ಚು. ನನ್ನನ್ನು ಎಲ್ಲಕ್ಕಿಂತ ಬೆಚ್ಚಿಬೀಳಿಸಿದ್ದು ಇನ್ನೊಂದು ಮಾತು: ಸತ್ತವುಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಸತ್ತದ್ದು ಕತ್ತಿಯ ಕೆಳಗಲ್ಲ, ಎಲ್ಲ ಮುಗಿಯಿತು, ಗೆದ್ದೆವು ಎಂದು ಎಲ್ಲರೂ ಕೈ ತೊಳೆದುಕೊಂಡ ಮೇಲೆ. ಅದರಲ್ಲಿಯೂ ಮೊದಲ ಮೂರು ಗಂಟೆಗಳೇ ಘಾತಕ.

ಚಿಕ್ಕ ಮೈಗೆ ಅಪಾಯವೇಕೆ ಹೆಚ್ಚು? ಎರಡು ಕಿಲೋಗ್ರಾಮಿನ ನಾಯಿಯ ಮೈಯಲ್ಲಿರುವ ನೆತ್ತರು ಸುಮಾರು ೧೭೦ ಮಿಲಿಲೀಟರು, ಒಂದು ಲೋಟ ಚಹದಷ್ಟು; ದೊಡ್ಡ ನಾಯಿಗೆ ಲೆಕ್ಕಕ್ಕೇ ಇಲ್ಲದ ರಕ್ತಸ್ರಾವ ಅದಕ್ಕೆ ಪ್ರಳಯ. ಸಣ್ಣ ಪಾತ್ರೆಯ ನೀರು ಬೇಗ ಆರುವಂತೆ ಸಣ್ಣ ಮೈ ಬೇಗ ತಣ್ಣಗಾಗುತ್ತದೆ. ಮೈ ತಣ್ಣಗಾದರೆ ಔಷಧಿ ಕರಗುವುದು ನಿಧಾನ, ಏಳುವುದು ನಿಧಾನ. ಮರಿಗಳನ್ನೂ ತೀರ ಚಿಕ್ಕ ನಾಯಿಗಳನ್ನೂ ಬಹಳ ಹೊತ್ತು ಉಪವಾಸ ಕೆಡವಿದರೆ ನೆತ್ತರಿನ ಸಕ್ಕರೆ ಕುಸಿಯುತ್ತದೆ. ತೂಕ ನೋಡದೆ ಕಣ್ಣಂದಾಜಿನಲ್ಲಿ ಸೂಜಿ ಏರಿಸಿದರೆ, ಎತ್ತಿಗೆ ತಪ್ಪೆನಿಸದ ಅಳತೆಯ ತಪ್ಪು ಇದಕ್ಕೆ ದುಪ್ಪಟ್ಟು ಪ್ರಮಾಣವಾಗುತ್ತದೆ. ವಯಸ್ಸಾದ ಚಿಕ್ಕ ನಾಯಿಗಳಲ್ಲಿ ಹೃದಯದ ಕವಾಟ ಸೋರುವ ಕಾಯಿಲೆಯೂ ಸಾಮಾನ್ಯ. ಹಾಗೆಂದು ಅಪಾಯವೆಲ್ಲ ವಿದೇಶಿ ಮಡಿಲ ನಾಯಿಗಳದೆಂದೂ ತಿಳಿಯಬಾರದು. ನಮ್ಮ ಮುಧೋಳದ ಬೇಟೆನಾಯಿಯಂಥ ಕೊಬ್ಬಿಲ್ಲದ ಓಟಗಾರ ಜಾತಿಗಳು ಥಯೋಪೆಂಟಾಲ್ ಎಂಬ ಔಷಧಿ ಕೊಟ್ಟರೆ ಎಚ್ಚರಗೊಳ್ಳಲು ಅತಿ ದೀರ್ಘಕಾಲ ತೆಗೆದುಕೊಳ್ಳುತ್ತವೆ. ಒಂದೊಂದು ಮೈಗೂ ಒಂದೊಂದು ಭಯ.

ಪಗ್ಗಿನ ಭಯ ಗಂಟಲಲ್ಲಿದೆ. ಎಚ್ಚರವಿರುವಷ್ಟು ಕಾಲ ಅದು ಪ್ರತಿ ಉಸಿರಿಗೂ ಗಂಟಲ ಸ್ನಾಯುಗಳನ್ನು ಬಿಗಿಹಿಡಿದು ದಾರಿಯನ್ನು ತೆರೆದಿಟ್ಟುಕೊಂಡಿರುತ್ತದೆ. ಅರಿವಳಿಕೆಯ ಮೊದಲ ಸೂಜಿಗೆ ಆ ಸ್ನಾಯುಗಳು ಸಡಿಲುತ್ತವೆ. ಜೋಲು ಅಂಗುಳು ಬಾಗಿಲಿಗೆ ಬೀಳುತ್ತದೆ. ಆದ್ದರಿಂದಲೇ ಬಲ್ಲವರು ಮೊದಲೇ ಮೂರರಿಂದ ಐದು ನಿಮಿಷ ಮುಖಕ್ಕೆ ಆಮ್ಲಜನಕ ಹಿಡಿದು, ಉಸಿರು ನಿಂತರೂ ಕೆಲವು ಕ್ಷಣ ತಡೆಯುವಷ್ಟು ಬಂಡವಾಳವನ್ನು ಒಳಗೆ ಕೂಡಿಸಿಟ್ಟು, ಬೇಗ ಮಲಗಿಸಿ ಬೇಗ ನಳಿಕೆಯಿಳಿಸುತ್ತಾರೆ. ದೇಹ ನೋಡಿ ಅಂದಾಜಿಸಿದ ನಳಿಕೆ ಹಿಡಿಸದು. ಅದಕ್ಕಿಂತ ಸಣ್ಣವು ನಾಲ್ಕಾರು ಕೈಯಳತೆಯಲ್ಲಿರಬೇಕು. ಈ ನಾಯಿಗಳು ಹೊಟ್ಟೆಯಲ್ಲಿದ್ದುದನ್ನು ಗಂಟಲಿಗೆ ತರುವುದೂ ಹೆಚ್ಚು. ಅದು ಶ್ವಾಸಕೋಶಕ್ಕಿಳಿದರೆ ಕೆಟ್ಟಿತು. ಎಲ್ಲಕ್ಕಿಂತ ಮಿಗಿಲಾಗಿ, ನಳಿಕೆಯನ್ನು ತೆಗೆಯುವ ಹೊತ್ತು. ಉಳಿದ ನಾಯಿಗಳಿಗೆ ನುಂಗುವ ಚಲನೆ ಕಂಡೊಡನೆ ತೆಗೆಯುತ್ತಾರೆ. ಇದಕ್ಕೆ ಹಾಗಲ್ಲ, ಅದು ಪೂರ್ತಿ ಎಚ್ಚತ್ತು ತಲೆಯೆತ್ತಿ, ಇನ್ನು ಸಾಕೆಂದು ತಾನೇ ಹೇಳುವ ತನಕ ಕಾಯಬೇಕು.

ನಾನು ಮಿತ್ರರಿಗೆ ಹೇಳಿದ್ದು ಇಷ್ಟೆ. ಕೊಯ್ಯಿಸಿದರೆ ನೂರಕ್ಕೆ ಒಂದೆರಡು ಭಯ, ಮೂತಿಯ ದೆಸೆಯಿಂದ ಇನ್ನೂ ತುಸು ಹೆಚ್ಚೆಂದೇ ಹಿಡಿಯಿರಿ. ಕೊಯ್ಯಿಸದಿದ್ದರೆ ಕೀವಿನ ವಿಷ ಮೈಗೇರುವುದು ಹೆಚ್ಚುಕಡಿಮೆ ಖಂಡಿತ. ಹಗಲ ಬಿಸಿಲಿನಲ್ಲಿ ಒಯ್ಯಬೇಡಿ. ಹೋದೊಡನೆ ಮೂರು ಪ್ರಶ್ನೆ ಕೇಳಿ: ಆಮ್ಲಜನಕವಿದೆಯೇ, ಸಣ್ಣ ನಳಿಕೆಗಳಿವೆಯೇ, ಎಚ್ಚರವಾಗುವ ತನಕ ಪಕ್ಕದಲ್ಲಿ ಕೂರುವವರು ಯಾರು?

ಬೆಳಗಿನ ಜಾವ ಮೂರಕ್ಕೆ ಬಾಡಿಗೆ ಕಾರು ಗೋಗಿಯನ್ನು ಬಿಟ್ಟಿತು. ನಾನು ಹಾದಿಯಲ್ಲಿ ಜೊತೆಗೂಡಿದೆ. ಒದ್ದೆ ಬಟ್ಟೆಯ ಮೇಲೆ ಚಿನ್ನಿಯನ್ನು ಮಲಗಿಸಿಕೊಂಡು ಮಿತ್ರರ ಮನೆಯವರು ಇಡೀ ದಾರಿ ಅದರ ಗೊರಕೆಯನ್ನೇ ಆಲಿಸುತ್ತ ಕುಳಿತಿದ್ದರು. ಅದು ಕ್ಷಣ ತಡೆದರೆ ಅವರ ಕೈ ಅದರ ಎದೆಗೆ ಹೋಗುತ್ತಿತ್ತು. ಸೈಮ್ ಎಂಬವನ ಹೆಸರನ್ನು ಅವರು ಕೇಳಿದವರಲ್ಲ.

ಆಸ್ಪತ್ರೆಯಲ್ಲಿ ಅರಿವಳಿಕೆಯ ಹೊಣೆ ಹೊತ್ತವರು ತರುಣ ವೈದ್ಯೆಯೊಬ್ಬರು. ಮಿತ್ರರು ಚೀಟಿಯಲ್ಲಿ ಬರೆದುಕೊಂಡ ಮೂರು ಪ್ರಶ್ನೆಗಳನ್ನು ಹಳೆಯ ಮಾಸ್ತರರ ಗತ್ತಿನಲ್ಲಿ ಓದಿದಾಗ ಆಕೆ ಸಿಟ್ಟಾಗಲಿಲ್ಲ. ಒಂದೊಂದಕ್ಕೂ ಉತ್ತರ ಕೊಟ್ಟು, ಮೂರನೆಯದಕ್ಕೆ “ನಾನೇ ಕೂಡ್ತೀನಿ ಸರ” ಎಂದರು. ತೂಕ ನೋಡಿದರು: ಏಳೂವರೆ ಕಿಲೋ. ಮೊದಲು ಸಲೈನು ಏರಿಸಿದರು. ಗದ್ದಲವಿಲ್ಲದ ಮೂಲೆಯಲ್ಲಿ, ಮನೆಯವರ ತೊಡೆಯ ಮೇಲೇ ಇಟ್ಟುಕೊಂಡು, ಮುಖಕ್ಕೆ ಆಮ್ಲಜನಕ ಹಿಡಿದರು. ಬೆದರಿಸಬಾರದು ಎಂದಷ್ಟೇ ಅಂದರು. ನನಗೆ ಲೆವಿಯ ಬೆಕ್ಕುಗಳು ನೆನಪಾದವು. ಬಾಗಿಲು ಮುಚ್ಚಿತು.

ಒಂದೂವರೆ ಗಂಟೆ ಹೊರಗಿನ ಬೇವಿನ ಕಟ್ಟೆಯ ಮೇಲೆ ಕುಳಿತೆವು. ಅದನ್ನು ಬಣ್ಣಿಸುವ ಅಗತ್ಯವಿಲ್ಲ. ಆಸ್ಪತ್ರೆಯ ಹೊರಗೆ ಕುಳಿತ ಎಲ್ಲರಿಗೂ ಅದು ಗೊತ್ತು.

ಕರೆ ಬಂದಾಗ ಒಳಗೆ ಹೋದೆವು. ಬಾಟಲಿಗಳಲ್ಲಿ ಬಿಸಿನೀರು ತುಂಬಿ ಸುತ್ತಲಿಟ್ಟ ಕಂಬಳಿಯ ಮೇಲೆ ಚಿನ್ನಿ ಎದೆಯೂರಿ ಮಲಗಿತ್ತು. ತಲೆಯನ್ನು ಎತ್ತಿತ್ತು. ಕಣ್ಣು ತೆರೆದಿತ್ತು. ಬಾಯಿಂದ ನಳಿಕೆ ಇನ್ನೂ ಹೊರಚಾಚಿಕೊಂಡಿತ್ತು. ಮಿತ್ರರ ಮನೆಯವರು ಎರಡು ಹೆಜ್ಜೆ ಹೋಗಿ ಗಕ್ಕನೆ ನಿಂತರು. ಅವರ ಮುಖ ಬಿಳಿಚಿಕೊಂಡಿತು.

“ಡಾಕ್ಟರಮ್ಮಾ, ಸಪ್ಪಳ ಇಲ್ಲ. ಇದು ಉಸರಾಡಲಿಕ್ಕ ಹತ್ತಿಲ್ಲ.”

ವೈದ್ಯೆ ನಕ್ಕು, ನಾಯಿಯ ಎದೆಯತ್ತ ಬೆರಳು ತೋರಿಸಿದರು. ಅದು ನಿಧಾನವಾಗಿ, ಸಮನಾಗಿ ಏರಿಳಿಯುತ್ತಿತ್ತು. ಮೂಗನ್ನೂ ಅಂಗುಳನ್ನೂ ಬಿಟ್ಟು ಗಾಳಿ ನೇರವಾಗಿ ನಳಿಕೆಯಿಂದ ಹೋಗಿಬರುತ್ತಿತ್ತು. ಹುಟ್ಟಿದಂದಿನಿಂದ ಅದು ಪ್ರಯಾಸವಿಲ್ಲದೆ ಎಳೆದ ಉಸಿರುಗಳೆಂದರೆ ಇವೇ ಇರಬೇಕು. ಬೇರೆ ನಾಯಿಗಳಾದರೆ ಇಷ್ಟು ಹೊತ್ತಿಗೆ ನಳಿಕೆಯನ್ನು ಕಚ್ಚಿ ಕೆಮ್ಮಿ ಉಗುಳುತ್ತಿದ್ದವು; ಈ ಜಾತಿಯವು ಹೀಗೆ ಅದನ್ನು ಬಾಯಲ್ಲಿ ಕಚ್ಚಿಕೊಂಡೇ ಎದ್ದು ಕೂರುವುದುಂಟು, ತೆಗೆಯಲು ನಾವೂ ಅವಸರಪಡುವುದಿಲ್ಲ ಎಂದು ಆಕೆ ಹೇಳಿದರು. ನಾವೆಲ್ಲರೂ ಸುಮ್ಮನೆ ನೋಡುತ್ತ ನಿಂತೆವು. ನಾಯಿ ಯಾರನ್ನೂ ನೋಡುತ್ತಿರಲಿಲ್ಲ. ಕಿವಿ ಸಡಿಲಬಿಟ್ಟು, ಕಣ್ಣನ್ನು ಅರೆಮುಚ್ಚಿ, ಉಸಿರಾಡುತ್ತಿತ್ತು.

ಹತ್ತು ನಿಮಿಷದ ಮೇಲೆ ಅದು ತಲೆ ಕೊಡವಿತು. ವೈದ್ಯೆ ನಳಿಕೆಯನ್ನು ಮೆಲ್ಲನೆ ಎಳೆದುಕೊಂಡರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗೊರ್ರೆಂದು ಹಳೆಯ ಸದ್ದು ಮರಳಿತು. ಮಿತ್ರರ ಮನೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ನೂ ಮೂರು ಗಂಟೆ ಇಲ್ಲಿಂದ ಕದಲುವಂತಿಲ್ಲವೆಂದು ಹೇಳಿ ವೈದ್ಯೆ ಸ್ಟೂಲನ್ನು ಹತ್ತಿರಕ್ಕೆಳೆದು, ಒಂದು ಕೈಯನ್ನು ಅದರ ಪಕ್ಕೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಚಹದ ಲೋಟ ಹಿಡಿದು ಕುಳಿತರು.